ಕೂಡಿ ಓದುವ ಬಗೆ: ಆನ್‌ಲೈನ್ ಪದವಿಗೆ ಸೇರಿದವರಿಗಾಗಿ

ನಮ್ಮ ವಾಚನಾಲಯಕ್ಕೆ ಸಂಜೆ ಬರುವವರಲ್ಲಿ ಎರಡು ಬಗೆಯವರಿದ್ದಾರೆ. ಊರ ಕಡೆಯ ಪತ್ರಿಕೆಗಳನ್ನು ನೋಡಲು ಬರುವ ಹಿರಿಯರು ಒಂದು ಬಗೆ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ವಿಶ್ವವಿದ್ಯಾಲಯದ ಪಾಠ ಕೇಳುವ ಉದ್ಯೋಗಸ್ಥರು ಇನ್ನೊಂದು ಬಗೆ. ಎರಡನೆಯವರ ಸಂಖ್ಯೆ ಈಚೆಗೆ ಹೆಚ್ಚುತ್ತ ಬಂದಿದೆ. ಗೋಡೆಯ ಮೇಲೆ ‘ಮೌನವಾಗಿರಿ’ ಎಂಬ ಹಲಗೆಯನ್ನು ನಾವೇ ತೂಗುಹಾಕಿದ್ದೇವೆ. ಅದರ ಫಲವಾಗಿ, ಒಂದೇ ಮೇಜಿನ ಎರಡು ಬದಿಗೆ ಕುಳಿತು ಒಂದೇ ವಿಶ್ವವಿದ್ಯಾಲಯದ ಒಂದೇ ಬಿ.ಕಾಂ. ಪಾಠವನ್ನು ಓದುತ್ತಿದ್ದ ಇಬ್ಬರು ಸದಸ್ಯರು ಐದು ತಿಂಗಳವರೆಗೆ ಒಬ್ಬರನ್ನೊಬ್ಬರು ಅರಿಯದೆ ಇದ್ದರು. ಒಬ್ಬರು ಕಲ್ಯಾಣದಿಂದ ಬರುವವರು, ಇನ್ನೊಬ್ಬರು ಇಲ್ಲಿಯೇ ಡೊಂಬಿವಲಿಯವರು. ಪರೀಕ್ಷೆಯ ಕೇಂದ್ರದಲ್ಲಿ ಎದುರುಬದುರಾದಾಗ ‘ಓಹೋ, ನೀವೂ ಇಲ್ಲಿಯೇ?’ ಎಂದು ಇಬ್ಬರೂ ನಕ್ಕರಂತೆ. ಕೇಳಿದ ನಮಗೆ ನಗು ಬರಲಿಲ್ಲ.

ಹಿಂದಿನ ತಲೆಮಾರಿನ ನಮ್ಮವರು ಹಗಲು ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು, ರಾತ್ರಿ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು ಮುಂದೆ ಬಂದ ಸಂಗತಿ ವಾಚಕರಿಗೆ ತಿಳಿದೇ ಇದೆ. ಆ ಶಾಲೆಯಲ್ಲಿ ಓದಿದ ಯಾವ ಹಿರಿಯರನ್ನು ಕೇಳಿದರೂ ಮಾಸ್ತರರ ಹೆಸರಿನ ಜತೆಗೇ ಬೆಂಚಿನ ಜತೆಗಾರನ ಹೆಸರನ್ನೂ ಹೇಳುತ್ತಾರೆ. ಲೆಕ್ಕ ತೋರಿಸಿಕೊಟ್ಟವನು ಅವನು, ನಿದ್ದೆ ಬಂದಾಗ ತಿವಿದವನು ಅವನು, ಫೀಸು ಕಟ್ಟುವ ಕೊನೆಯ ದಿನವನ್ನು ನೆನಪಿಸಿದವನೂ ಅವನೇ. ದೂರಶಿಕ್ಷಣ ಬಂದ ಮೇಲೆ ಶಾಲೆಯೇ ಮನೆಗೆ ಬಂದಿತು. ದಿಲ್ಲಿ ವಿಶ್ವವಿದ್ಯಾಲಯವು 1962ರಲ್ಲಿ ಅಂಚೆಯ ಮೂಲಕ ಪಾಠ ಕಳುಹಿಸುವ ಕ್ರಮವನ್ನು ಆರಂಭಿಸಿತು. ಮೈಸೂರು 1969ರಲ್ಲಿಯೂ ಮುಂಬಯಿ 1971ರಲ್ಲಿಯೂ ಅದೇ ದಾರಿಯನ್ನು ಹಿಡಿದವು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) 1985ರಲ್ಲಿ, ನಾಸಿಕದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾಲಯ 1989ರಲ್ಲಿ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಹುಟ್ಟಿದವು. ಕೇಂದ್ರ ಸರಕಾರದ ‘ಸ್ವಯಂ’ ಎಂಬ ಆನ್‌ಲೈನ್ ಪಾಠಗಳ ಏರ್ಪಾಡು 2017ರ ಜುಲೈಯಲ್ಲಿ ಪ್ರಾರಂಭವಾಯಿತು. ಈಗ ಪಾಠ, ಪುಸ್ತಕ, ಪ್ರಶ್ನೆ, ಉತ್ತರ ಎಲ್ಲವೂ ಅಂಗೈಯೊಳಗೆ ಇವೆ. ಬೆಂಚಿನ ಜತೆಗಾರ ಮಾತ್ರ ಇಲ್ಲ. ಅವನನ್ನು ನಾವೇ ಹುಡುಕಿಕೊಳ್ಳಬೇಕು. ಹುಡುಕಿಕೊಂಡ ಮೇಲೆ ಹೇಗೆ ಕೂಡಿ ಓದಬೇಕೆಂಬುದನ್ನು ಮೊದಲೇ ಯೋಜಿಸಿಕೊಳ್ಳಬೇಕು. ಈ ಯೋಜನೆಯಲ್ಲಿ ನಾವು ಒಮ್ಮೆ ಸೋತಿದ್ದೇವೆ. ಅದನ್ನು ಮುಚ್ಚಿಡದೆ ಮೊದಲು ಹೇಳಿಬಿಡುತ್ತೇವೆ.

ಆ ಇಬ್ಬರ ಕಥೆ ಕೇಳಿದ ಮೇಲೆ ನಾವು ಉತ್ಸಾಹದಿಂದ ಒಂದು ಅಭ್ಯಾಸ ಕೂಟವನ್ನು ಕಟ್ಟಿದೆವು. ಹನ್ನೊಂದು ಜನ ಸೇರಿದರು. ಠಾಣೆಯ ಗುಮಾಸ್ತರು, ಐರೋಲಿಯ ಕಂಪನಿಯವರು, ಡೊಂಬಿವಲಿಯ ಕಾರ್ಖಾನೆಯ ಇಬ್ಬರು, ಕಲ್ಯಾಣದ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಒಬ್ಬರು, ಹೀಗೆ. ವಾಟ್ಸಾಪಿನಲ್ಲಿ ಒಂದು ಗುಂಪನ್ನೂ ಮಾಡಿದೆವು. ಭಾನುವಾರ ಹತ್ತು ಗಂಟೆಗೆ ಕೂಟ. ನಮ್ಮಲ್ಲಿ ಇಂಗ್ಲಿಷು ಚೆನ್ನಾಗಿ ಬರುವ ಒಬ್ಬರು ಪುಸ್ತಕವನ್ನು ಓದಿ ಹೇಳುವುದು, ಉಳಿದವರು ಕೇಳುವುದು ಎಂದಾಯಿತು. ನಾಲ್ಕು ವಾರ ಚೆನ್ನಾಗಿಯೇ ನಡೆಯಿತು. ಐದನೆಯ ವಾರ ಆರು ಜನ ಬಂದರು. ಓದಿ ಹೇಳುವವರಿಗೆ ಜ್ವರ ಬಂದ ವಾರ ಕೂಟವೇ ಇಲ್ಲ. ವಾಟ್ಸಾಪಿನಲ್ಲಿ ಪಾಠದ ಮಾತು ಕಡಮೆಯಾಗಿ ಸೂರ್ಯೋದಯದ ಚಿತ್ರಗಳೂ ‘ಶುಭೋದಯ’ಗಳೂ ಹೆಚ್ಚಿದವು. ಅಸೈನ್‌ಮೆಂಟ್ ಒಪ್ಪಿಸುವ ದಿನ ಹತ್ತಿರ ಬಂದಾಗ ಒಬ್ಬರು ಬರೆದುದರ ಫೋಟೋ ಹತ್ತು ಜನರಿಗೆ ಹೋಯಿತು. ಆ ವಿಶ್ವವಿದ್ಯಾಲಯದವರು ಒಂದೇ ಬಗೆಯ ನಾಲ್ಕು ಉತ್ತರಗಳನ್ನು ಹಿಂದಕ್ಕೆ ಕಳುಹಿಸಿದರು. ಅದು ನ್ಯಾಯವೇ. ಪರೀಕ್ಷೆಯಲ್ಲಿ ಗಲ್ಲಾದವರು ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ ಎರಡರಲ್ಲಿಯೂ ನಪಾಸಾದರು. ‘ನಿಮಗೆ ಓದಿ ಹೇಳಲಿಕ್ಕೆ ಬರುತ್ತದೆ. ನನಗೆ ಕೇಳಲಿಕ್ಕೆ ಮಾತ್ರ ಬರುತ್ತದೆ ಮಾರಾಯ್ರೆ, ಕೇಳಿದ್ದನ್ನು ಬರೆಯಲಿಕ್ಕೆ ಬರುವುದಿಲ್ಲ’ ಎಂದು ಹೇಳಿ, ಆಮೇಲೆ ವಾಚನಾಲಯದ ಕಡೆಗೂ ಬರುವುದನ್ನು ಬಿಟ್ಟರು. ಹತ್ತನೆಯ ಇಯತ್ತೆ ಮುಗಿಸಿ ಹದಿನೈದು ವರ್ಷದ ಮೇಲೆ ಹನ್ನೆರಡನೆಯದನ್ನು ಕಟ್ಟಿ ಪಾಸಾಗಿ, ಕಾಲೇಜು ಸೇರಿದ್ದ ಮನುಷ್ಯ.

ಅವರ ಮಾತಿನಲ್ಲಿಯೇ ನಮ್ಮ ತಪ್ಪು ಇದ್ದಿತು. ಕೂಟವನ್ನು ಹತ್ತು ಜನ ಕೇಳುಗರೂ ಒಬ್ಬ ಪುರಾಣಿಕರೂ ಇರುವ ಹರಿಕಥೆಯನ್ನಾಗಿ ಮಾಡಿದ್ದೆವು. ಕೇಳುವಾಗ ಎಲ್ಲವೂ ತಿಳಿದಂತೆಯೇ ತೋರುತ್ತದೆ. ಮನೆಗೆ ಬಂದು ಕಾಗದ ಮುಂದಿಟ್ಟುಕೊಂಡರೆ ಒಂದು ಸಾಲೂ ಹೊರಡುವುದಿಲ್ಲ.

ಇನ್ನೊಂದು ತಪ್ಪು ಕಾಲದ ಲೆಕ್ಕದ್ದು. ಇಗ್ನೋದಂಥ ವಿಶ್ವವಿದ್ಯಾಲಯಗಳು ಒಂದು ಕ್ರೆಡಿಟ್ಟಿಗೆ ಮೂವತ್ತು ತಾಸಿನ ಅಭ್ಯಾಸವೆಂದು ಎಣಿಸುತ್ತವೆ. ಒಂದು ಸೆಮಿಸ್ಟರಿಗೆ ಇಪ್ಪತ್ತು ಕ್ರೆಡಿಟ್ ಇದ್ದರೆ ಆರು ನೂರು ತಾಸು ಆಯಿತು. ಕೈಗೆ ಸಿಗುವುದು ಇಪ್ಪತ್ತನಾಲ್ಕು ವಾರವೆಂದು ಹಿಡಿದರೆ ವಾರಕ್ಕೆ ಇಪ್ಪತ್ತೈದು ತಾಸು, ದಿನಕ್ಕೆ ಮೂರೂವರೆ. ಡೊಂಬಿವಲಿಯಿಂದ ಬೋರಿಬಂದರಿಗೆ ಹೋಗಿ ಬರುವುದರಲ್ಲಿಯೇ ಎರಡೂವರೆ ಮೂರು ತಾಸು ಕಳೆಯುವ ಗುಮಾಸ್ತನಿಗೆ ಇದು ಎಷ್ಟರ ಮಟ್ಟಿಗೆ ಸಾಧ್ಯವೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಇಲ್ಲಿ ನೋಡಬೇಕಾದ ಸಂಗತಿ ಬೇರೆ. ವಾರಕ್ಕೆ ಎರಡು ತಾಸಿನ ಕೂಟವೆಂದರೆ ಇಪ್ಪತ್ನಾಲ್ಕು ವಾರಕ್ಕೆ ನಲವತ್ತೆಂಟು ತಾಸು. ಆರು ನೂರರಲ್ಲಿ ಎಂಟು ಪಾಲಿನಷ್ಟು, ನೂರಕ್ಕೆ ಎಂಟು. ಉಳಿದ ತೊಂಬತ್ತೆರಡು ಪಾಲನ್ನು ಒಬ್ಬೊಬ್ಬರೇ ಓದಬೇಕು. ಅಷ್ಟು ಬೆಲೆಯುಳ್ಳ ಎರಡು ತಾಸನ್ನು, ಯಾರು ಬೇಕಾದರೂ ಲೋಕಲ್ ಗಾಡಿಯಲ್ಲಿ ನಿಂತೇ ಓದಬಹುದಾದ ಪುಟಗಳನ್ನು ಗಟ್ಟಿಯಾಗಿ ಓದುವುದರಲ್ಲಿ ಕಳೆದೆವಲ್ಲ! ಕೂಟದಲ್ಲಿ ಮಾಡಬೇಕಾದುದು ಒಬ್ಬಂಟಿಯಾಗಿ ಮಾಡಲಾರದ ಕೆಲಸವನ್ನು ಮಾತ್ರ.

ಹಾಗಾದರೆ ಆ ಕೆಲಸ ಯಾವುದು? ಅಮೆರಿಕದ ಬರ್ಕ್ಲಿಯಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು ಒಂದು ವಿಷಯವನ್ನು ಬೆನ್ನುಹತ್ತಿ ನೋಡಿದರು. ಅವರ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ಹೆಚ್ಚಾಗಿ ನಪಾಸಾಗುತ್ತಿದ್ದರು. ಚೀನೀ ಮನೆತನಗಳ ವಿದ್ಯಾರ್ಥಿಗಳು ಚೆನ್ನಾಗಿ ಪಾಸಾಗುತ್ತಿದ್ದರು. ಮೊದಲಿನವರಿಗೆ ಶ್ರದ್ಧೆ ಸಾಲದು, ಮನೆಯವರ ಬೆಂಬಲ ಸಾಲದು ಎಂದು ಎಲ್ಲರೂ ಹೇಳುತ್ತಿದ್ದರು. ಟ್ರೈಸ್‌ಮನ್ನರು ಎರಡೂ ಕಡೆಯ ವಿದ್ಯಾರ್ಥಿಗಳ ಜತೆ ತಿರುಗಾಡಿ ನೋಡಿದಾಗ ಆ ಮಾತು ಸುಳ್ಳೆಂದು ಕಂಡಿತು. ಕಪ್ಪು ವಿದ್ಯಾರ್ಥಿಗಳು ಹೇಳಿದಷ್ಟು ಹೊತ್ತು ಶ್ರಮಪಟ್ಟು ಓದುತ್ತಲೇ ಇದ್ದರು. ಆದರೆ ಒಬ್ಬಂಟಿಯಾಗಿ ಓದುತ್ತಿದ್ದರು. ಚೀನೀ ಹುಡುಗರು ಮೊದಲು ತಾವು ತಾವೇ ಲೆಕ್ಕಗಳನ್ನು ಬಿಡಿಸಿ, ಅನಂತರ ಒಂದೆಡೆ ಸೇರಿ ಉತ್ತರಗಳನ್ನು ತಾಳೆ ನೋಡುತ್ತಿದ್ದರು. ಒಬ್ಬನ ತಪ್ಪನ್ನು ಇನ್ನೊಬ್ಬನು ತಿದ್ದುತ್ತಿದ್ದನು. ಯಾರಿಂದಲೂ ಆಗದ ಲೆಕ್ಕ ನಿಜಕ್ಕೂ ಕಠಿಣವಾದುದೆಂದು ತಿಳಿದು ಧೈರ್ಯಗೆಡುತ್ತಿರಲಿಲ್ಲ. ಒಬ್ಬಂಟಿಯಾಗಿ ಓದುವವನು ಮಾತ್ರ ತನ್ನ ಬುದ್ಧಿಯೇ ಸಾಲದು ಎಂದುಕೊಳ್ಳುತ್ತಾನೆ. ನಮ್ಮ ಗಲ್ಲಾದವರ ಅವಸ್ಥೆಯೂ ಇದೇ ಅಲ್ಲವೆ? ಮುಂದೆ ಟ್ರೈಸ್‌ಮನ್ನರು ವಿದ್ಯಾರ್ಥಿಗಳು ಹಾಗೆ ಕೂಡಿ ಕಠಿಣ ಲೆಕ್ಕಗಳನ್ನು ಬಿಡಿಸುವ ಕಮ್ಮಟಗಳನ್ನು ನಡೆಸಿದರು, ಫಲವೂ ಚೆನ್ನಾಗಿ ಬಂದಿತು.

ಇನ್ನೊಬ್ಬ ಪಂಡಿತರು, ಎಲಿಯಟ್ ಆರನ್ಸನ್ ಎಂಬವರು, 1971ರಲ್ಲಿ ಟೆಕ್ಸಸ್ ಸಂಸ್ಥಾನದ ಆಸ್ಟಿನ್ ನಗರದ ಶಾಲೆಗಳಲ್ಲಿ ಬೇರೊಂದು ಉಪಾಯವನ್ನು ಮಾಡಿದರು. ಪಾಠವನ್ನು ತುಂಡು ತುಂಡಾಗಿ ಮಾಡಿ ಗುಂಪಿನ ಪ್ರತಿಯೊಬ್ಬ ಮಗುವಿಗೂ ಒಂದೊಂದು ತುಂಡನ್ನು ಕೊಟ್ಟರು. ತನ್ನ ಭಾಗವನ್ನು ಉಳಿದವರಿಗೆ ತಿಳಿಸಿ ಹೇಳುವ ಹೊಣೆ ಆಯಾ ಮಗುವಿನದು. ಆಗ ಯಾವ ಮಗುವನ್ನೂ ಉಳಿದವರು ಕಡೆಗಣಿಸುವಂತಿಲ್ಲ. ಉಪಾಯವೇನೋ ಸೊಗಸಾಗಿದೆ. ಆದರೆ ಪರೀಕ್ಷೆಗೆ ಕೂರುವ ದೊಡ್ಡವರು ಇದನ್ನು ಹಾಗೆಯೇ ಎತ್ತಿಕೊಂಡರೆ ಅಪಾಯವಿದೆಯೆಂದು ನಮ್ಮ ಅಭಿಪ್ರಾಯ. ಐದು ಘಟಕಗಳನ್ನು ಐವರು ಹಂಚಿಕೊಂಡು ತಮ್ಮ ತಮ್ಮದನ್ನಷ್ಟೇ ಓದಿದರೆ, ಪ್ರಶ್ನಪತ್ರಿಕೆ ಐದರಿಂದಲೂ ಕೇಳುತ್ತದೆ. ಅದಕ್ಕೆ ನಮ್ಮ ತಾಳಮದ್ದಳೆಯ ಕ್ರಮವೇ ಮೇಲು. ಭಾಗವತರು ಹಾಡುವ ಪದ್ಯ ಮೊದಲೇ ಗೊತ್ತು. ಆಡುವ ಮಾತು ಮಾತ್ರ ಅರ್ಥಧಾರಿಯ ಸ್ವಂತದ್ದು. ಕೃಷ್ಣನ ಅರ್ಥ ಹೇಳುವವನು ಕೃಷ್ಣನ ಪಾತ್ರವನ್ನು ವಿಶೇಷವಾಗಿ ಸಿದ್ಧಮಾಡಿಕೊಂಡು ಬಂದರೂ ಇಡಿಯ ಪ್ರಸಂಗವನ್ನು ಓದಿರಲೇಬೇಕು, ಇಲ್ಲದಿದ್ದರೆ ಕೌರವನ ಒಂದು ಪ್ರಶ್ನೆಗೆ ತಬ್ಬಿಬ್ಬಾಗುತ್ತಾನೆ. ಎಲ್ಲರೂ ಎಲ್ಲವನ್ನೂ ಓದಿಕೊಂಡು ಬರಬೇಕು. ಒಬ್ಬೊಬ್ಬರು ಒಂದೊಂದಕ್ಕೆ ಅರ್ಥ ಹೇಳಬೇಕು. ಉಳಿದವರು ಎದುರಾಳಿಯಾಗಿ ಕೇಳಬೇಕು. ಎರಡನೆಯ ಸಲ ಕೂಟ ಕಟ್ಟುವಾಗ ಈ ಕ್ರಮವನ್ನು ಹಿಡಿದೆವು.

ಗಲ್ಲಾದವರನ್ನು ನಾವು ಅವರ ಹೋಟೆಲಿಗೇ ಹೋಗಿ ಕರೆದೆವು. ಒಲ್ಲೆನೆಂದರು. ಎರಡನೆಯ ಸಲ ಹೋದಾಗ, ‘ಅರ್ಥಶಾಸ್ತ್ರದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂಬ ಪಾಠವನ್ನು ಬರುವ ವಾರ ನೀವೇ ಹೇಳಬೇಕು, ನಿಮ್ಮ ಹೋಟೆಲಿನ ಲೆಕ್ಕದಲ್ಲಿಯೇ ಹೇಳಬೇಕು’ ಎಂದು ಕೇಳಿಕೊಂಡೆವು. ಬಂದರು. ಅವರು ಹೇಳಿದುದನ್ನು ಸ್ವಲ್ಪ ವಿಸ್ತಾರವಾಗಿ ಕೊಡುತ್ತೇವೆ, ಏಕೆಂದರೆ ಕೂಟದಲ್ಲಿ ಏನು ನಡೆಯಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮಲ್ಲಿಲ್ಲ.

ದಿನಕ್ಕೆ ನಾನೂರು ಕಪ್ ಚಹಾ ಹೋಗುತ್ತದೆ ಎಂದಿಟ್ಟುಕೊಳ್ಳಿ, ಕಪ್ಪಿಗೆ ಹನ್ನೆರಡು ರೂಪಾಯಿ. ದರವನ್ನು ಹದಿನೈದು ಮಾಡಿದರು. ಅಂದರೆ ನೂರಕ್ಕೆ ಇಪ್ಪತ್ತೈದು ಏರಿತು. ಚಹಾ ಮುನ್ನೂರ ಎಂಬತ್ತಕ್ಕೆ ಇಳಿಯಿತು, ನೂರಕ್ಕೆ ಐದು. ಐದನ್ನು ಇಪ್ಪತ್ತೈದರಿಂದ ಭಾಗಿಸಿದರೆ ಸೊನ್ನೆ ದಶಾಂಶ ಎರಡು. ಇದು ಒಂದಕ್ಕಿಂತ ಕಡಮೆ, ಆದುದರಿಂದ ಬೇಡಿಕೆ ಬಿಗಿ. ಗಲ್ಲಾಕ್ಕೆ ಬೀಳುವ ಹಣ 4,800ರಿಂದ 5,700ಕ್ಕೆ ಏರಿತು. ಮಸಾಲೆ ದೋಸೆ ಎಂಬತ್ತು ರೂಪಾಯಿಯಂತೆ ನೂರಿಪ್ಪತ್ತು ಹೋಗುತ್ತಿತ್ತು. ಅದನ್ನೂ ನೂರಕ್ಕೆ ಇಪ್ಪತ್ತೈದು ಏರಿಸಿ ನೂರು ರೂಪಾಯಿ ಮಾಡಿದರು. ದೋಸೆ ಎಪ್ಪತ್ತೆಂಟಕ್ಕೆ ಇಳಿಯಿತು, ನೂರಕ್ಕೆ ಮೂವತ್ತೈದು. ಭಾಗಿಸಿದರೆ ಒಂದು ದಶಾಂಶ ನಾಲ್ಕು. ಗಲ್ಲಾದ ಹಣ 9,600ರಿಂದ 7,800ಕ್ಕೆ ಇಳಿಯಿತು. ‘ದರ ಏರಿಸಿದವರು ಧಣಿ, ಬೈಗುಳ ತಿಂದವನು ನಾನು’ ಎಂದರು. ಕೂಟದಲ್ಲಿ ನಗೆಯೆದ್ದಿತು.

ಐರೋಲಿಯವರು ಸುಮ್ಮನಿರಲಿಲ್ಲ. ಚಹಾ ಏಕೆ ಬಿಗಿ, ದೋಸೆ ಏಕೆ ಸಡಿಲು ಎಂದು ಕೇಳಿದರು. ದೋಸೆ ಬಿಟ್ಟವನು ಎದುರಿನ ವಡಾಪಾವ್ ಗಾಡಿಗೆ ಹೋಗುತ್ತಾನೆ, ಚಹಾ ಬಿಟ್ಟವನು ಎಲ್ಲಿಗೆ ಹೋಗುತ್ತಾನೆ ಎಂದು ಇವರ ಉತ್ತರ. ಆಗ ಕಾರ್ಖಾನೆಯವರು, ‘ಬೀದಿಯ ಎಲ್ಲ ಹೋಟೆಲಿನವರೂ ಒಂದೇ ದಿನ ದೋಸೆಯ ದರ ಏರಿಸಿದರೆ?’ ಎಂದು ಕೇಳಿದರು. ಗಲ್ಲಾದವರು ಸ್ವಲ್ಪ ಹೊತ್ತು ಯೋಚಿಸಿ, ಆಗ ಲೆಕ್ಕವೇ ಬದಲಾಗುತ್ತದೆ, ಅಷ್ಟು ಗಿರಾಕಿ ಹೋಗುವುದಿಲ್ಲ ಎಂದರು. ಪುಸ್ತಕದಲ್ಲಿ ‘ಬದಲಿ ವಸ್ತುಗಳ ಲಭ್ಯತೆ’ ಎಂದು ಅರ್ಧ ಪುಟ ಇರುವ ವಿಷಯ ಹೀಗೆ ಹೊರಬಿತ್ತು. ಅದು ಮುಗಿದ ಕೂಡಲೆ ಪುಸ್ತಕ ಮುಚ್ಚಿಟ್ಟು, ಹಿಂದಿನ ಪರೀಕ್ಷೆಯೊಂದರ ಅದೇ ಪ್ರಶ್ನೆಗೆ ಪ್ರತಿಯೊಬ್ಬರೂ ಹದಿನೈದು ನಿಮಿಷ ತಾವು ತಾವೇ ಉತ್ತರ ಬರೆದರು. ತಿಳಿದುಕೊಳ್ಳುವುದು ಕನ್ನಡದಲ್ಲಿ, ಬರೆಯುವುದು ಪರೀಕ್ಷೆಯ ಭಾಷೆಯಲ್ಲಿ. ಈ ಕೊನೆಯ ಹದಿನೈದು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬಾರದೆಂದು ನಾವು ಒತ್ತಿ ಹೇಳುತ್ತೇವೆ. ಮಾತಿನಲ್ಲಿ ಬಂದುದು ಬರಹದಲ್ಲಿ ಬಂದಿತೆ ಇಲ್ಲವೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಜನ ಎಷ್ಟಿರಬೇಕು? ನಾಲ್ವರು ಅಥವಾ ಐವರು ಸಾಕು. ಮೂವರಿದ್ದರೆ ಒಬ್ಬರು ಬಾರದ ದಿನ ಕೂಟ ಮುರಿಯುತ್ತದೆ. ಏಳೆಂಟು ಜನವಾದರೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುವವರು ಹುಟ್ಟಿಕೊಳ್ಳುತ್ತಾರೆ. ಹನ್ನೊಂದು ಜನ ಬಂದರೆ ಎರಡು ಕೂಟ ಮಾಡಿರಿ.

ಹೊತ್ತಿನ ವಿಚಾರ ನಮ್ಮ ಕಡೆ ಬಹಳ ಕಷ್ಟದ್ದು. ಭಾನುವಾರ ಹಗಲು ಎಂದರೆ ಸೆಂಟ್ರಲ್ ರೈಲ್ವೆಯ ಮೆಗಾ ಬ್ಲಾಕ್. ಠಾಣೆಯಿಂದ ಬರುವವರು ದಾರಿಯಲ್ಲಿಯೇ ಉಳಿಯುತ್ತಾರೆ. ಹೋಟೆಲಿನವರಿಗೆ ಭಾನುವಾರವೇ ಹೆಚ್ಚಿನ ಕೆಲಸ, ಅವರಿಗೆ ಬಿಡುವು ಮಧ್ಯಾಹ್ನ ಮೂರರಿಂದ ಐದರವರೆಗೆ. ಕಾರ್ಖಾನೆಯವರಿಗೆ ಪಾಳಿ ಬದಲಾಗುತ್ತದೆ. ಆದುದರಿಂದ ನಾವು ಮುಖಾಮುಖಿ ಕೂಟವನ್ನು ಹದಿನೈದು ದಿನಕ್ಕೊಮ್ಮೆ ಇಟ್ಟು, ನಡುವಿನ ವಾರ ಮೊಬೈಲಿನ ಮೇಲೆ ರಾತ್ರಿ ಸೇರುತ್ತೇವೆ. ಗೂಗಲ್ ಮೀಟಿನಲ್ಲಿ ಮೂವರು ಅಥವಾ ಹೆಚ್ಚು ಜನ ಸೇರಿದರೆ ಪುಕ್ಕಟೆಯಾಗಿ ಸಿಗುವುದು ಒಂದು ತಾಸು, ಜೂಮಿನಲ್ಲಿ ನಲವತ್ತು ನಿಮಿಷ. ಇದನ್ನು ಕೊರತೆಯೆಂದು ಮೊದಲು ಗೊಣಗಿದೆವು. ಈಗ ಒಳ್ಳೆಯದೇ ಆಯಿತೆನಿಸುತ್ತದೆ, ಹರಟೆಗೆ ಎಡೆಯಿಲ್ಲ. ವಾಟ್ಸಾಪಿನ ಗುಂಪಿನಲ್ಲಿ ಪಾಠದ ಪ್ರಶ್ನೆ, ಕೂಟದ ದಿನ, ಫೀಸಿನ ದಿನ ಇಷ್ಟೇ ಹಾಕತಕ್ಕದ್ದು. ಸೂರ್ಯೋದಯ ನೋಡಬೇಕಾದವರು ಕಿಟಕಿ ತೆರೆದು ನೋಡಬಹುದು.

ಕೂಟದ ಗೃಹಿಣಿ ಸದಸ್ಯರೊಬ್ಬರು ರಾತ್ರಿಯ ಸಭೆಯಲ್ಲಿ ಮಾತಾಡಲು ಮನೆಯಲ್ಲಿ ಜಾಗವಿಲ್ಲವೆಂದು ಹೇಳಿದರು. ಒಂದೇ ಕೋಣೆ, ಮಕ್ಕಳು ಮಲಗಿರುತ್ತಾರೆ. ಅವರು ಹಗಲು ಹೊತ್ತಿನಲ್ಲಿ ತಮ್ಮ ಭಾಗವನ್ನು ಧ್ವನಿಮುದ್ರಿಸಿ ಗುಂಪಿಗೆ ಕಳುಹಿಸುತ್ತಾರೆ; ರಾತ್ರಿ ಪ್ರಶ್ನೆಗಳಿಗೆ ಬರೆದು ಉತ್ತರ ಕೊಡುತ್ತಾರೆ. ಅವರ ಧ್ವನಿಮುದ್ರಣಗಳನ್ನು ಉಳಿದವರು ಗಾಡಿಯಲ್ಲಿ ಎರಡೆರಡು ಸಲ ಕೇಳುತ್ತಾರೆ.

ಅಸೈನ್‌ಮೆಂಟಿನ ಬಗ್ಗೆ ಖಂಡಿತವಾದ ಒಂದು ಗೆರೆ ಎಳೆದುಕೊಳ್ಳುವುದು ಅಗತ್ಯ. ಇಗ್ನೋದಲ್ಲಿ ಹೆಚ್ಚಿನ ಪತ್ರಿಕೆಗಳಿಗೆ ಇದರ ತೂಕ ನೂರಕ್ಕೆ ಮೂವತ್ತು. ಸ್ವಯಂನ ಎನ್‌ಪಿಟಿಇಎಲ್ ಪಾಠಗಳಲ್ಲಿ ಇಪ್ಪತ್ತೈದು. ಪ್ರಶ್ನೆ ಏನನ್ನು ಕೇಳುತ್ತದೆ, ಯಾವ ಘಟಕದಲ್ಲಿ ಉತ್ತರವಿದೆ ಎಂಬುದನ್ನು ಕೂಡಿ ಚರ್ಚಿಸಬಹುದು. ಬರೆಯುವಾಗ ಒಬ್ಬರ ಕಾಗದ ಇನ್ನೊಬ್ಬರ ಕಣ್ಣಿಗೆ ಬೀಳಕೂಡದು. ಬರೆದಾದ ಮೇಲೆಯೂ ಒಪ್ಪಿಸುವವರೆಗೆ ಫೋಟೋ ತೆಗೆದು ಕಳುಹಿಸಕೂಡದು. ಮೊಬೈಲಿನ ಕೃತಕ ಬುದ್ಧಿಯ ಯಂತ್ರಗಳಿಂದ ಉತ್ತರ ಬರೆಸಿಕೊಳ್ಳುವುದಕ್ಕೂ ಇದೇ ನಿಯಮ. ‘ಒಬ್ಬರಿಗೆ ಸಹಾಯ ಮಾಡಿದರೆ ಏನು ತಪ್ಪು?’ ಎಂದು ಕೇಳುವವರಿದ್ದಾರೆ. ಹಿಂದಕ್ಕೆ ಬಂದ ಆ ನಾಲ್ಕು ಉತ್ತರಗಳಲ್ಲಿ ಒಂದು, ಮೂಲತಃ ಬರೆದವರದ್ದೇ ಆಗಿತ್ತೆಂದು ಅವರಿಗೆ ಹೇಳುತ್ತೇವೆ.

ಕೂಟವನ್ನು ಪ್ರವೇಶಕ್ಕೆ ಮೊದಲೇ ಕಟ್ಟುವುದು ಲೇಸು. ಒಬ್ಬರು ನಾಸಿಕದಲ್ಲಿ, ಒಬ್ಬರು ದಿಲ್ಲಿಯಲ್ಲಿ, ಒಬ್ಬರು ಮುಂಬಯಿಯಲ್ಲಿ ಹೆಸರು ಹಚ್ಚಿದರೆ ಪಾಠಗಳು ತಾಳೆಯಾಗುವುದಿಲ್ಲ. ನಾಲ್ವರು ಕೂಡಿ ಒಂದೇ ವಿಶ್ವವಿದ್ಯಾಲಯ, ಒಂದೇ ಐಚ್ಛಿಕ ವಿಷಯವನ್ನು ಆರಿಸಿರಿ. ಇಗ್ನೋದಲ್ಲಿ ಜನವರಿ, ಜುಲೈ ಎಂದು ವರ್ಷಕ್ಕೆ ಎರಡು ಪ್ರವೇಶಕಾಲಗಳಿವೆ. ಆದರೆ ಕೂಡಿ ಸೇರುವಾಗ ಕೂಡಿಯೇ ಹಳ್ಳಕ್ಕೆ ಬೀಳದಂತೆಯೂ ನೋಡಬೇಕು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯು.ಜಿ.ಸಿ. 2015ರಲ್ಲಿ, 2013–14ರಿಂದ ಅನ್ವಯವಾಗುವಂತೆ, ರದ್ದುಮಾಡಿತು. ರಾಜ್ಯದ ಹೊರಗೆ ಅಭ್ಯಾಸ ಕೇಂದ್ರಗಳನ್ನು ನಡೆಸಿದುದು ಅದಕ್ಕೆ ಒಂದು ಕಾರಣ. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತು. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳು ಪಟ್ಟ ಪಾಡು ಸಣ್ಣದಲ್ಲ. ರಾಜ್ಯದ ಮುಕ್ತ ವಿಶ್ವವಿದ್ಯಾಲಯವು ಪುಸ್ತಕ ಕಳುಹಿಸಿ ನಡೆಸುವ ದೂರಶಿಕ್ಷಣವನ್ನು ತನ್ನ ರಾಜ್ಯದೊಳಗೆ ಮಾತ್ರ ನಡೆಸಬಹುದು. ಮಾನ್ಯತೆ ಪಡೆದ ಆನ್‌ಲೈನ್ ಪಾಠಕ್ರಮಕ್ಕೆ ಆ ಗಡಿ ಇಲ್ಲ. ಸೇರುವ ಮೊದಲು ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯದ, ಆ ಪದವಿಯ, ಆ ವರ್ಷದ ಹೆಸರಿದೆಯೇ ಎಂದು ನೋಡಿರಿ. ಏಜೆಂಟರ ಬಾಯಿಮಾತನ್ನು ನಂಬಬೇಡಿ.

ಒಮ್ಮೆಲೇ ಮೂರು ವರ್ಷದ ಪದವಿಗೆ ಧುಮುಕಲು ಅಂಜುವವರು ಸ್ವಯಂನಲ್ಲಿ ಎಂಟು ವಾರದ ಅಥವಾ ಹನ್ನೆರಡು ವಾರದ ಒಂದು ಪಾಠಕ್ಕೆ ಕೂಡಿ ಸೇರಿ ತಮ್ಮ ಕೂಟವನ್ನು ಪರೀಕ್ಷಿಸಿ ನೋಡಬಹುದು. ಪಾಠ ಕೇಳುವುದಕ್ಕೆ ಹಣವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಯ ಫೀಸು ಕಟ್ಟಬೇಕು. ವಾರವಾರದ ಗಡುವಿಗೆ ಎಷ್ಟು ಜನ ನಿಲ್ಲುತ್ತಾರೆಂಬುದು ಎಂಟು ವಾರದಲ್ಲಿ ಚೆನ್ನಾಗಿ ತಿಳಿಯುತ್ತದೆ.

ಗಲ್ಲಾದವರು ಅರ್ಥಶಾಸ್ತ್ರದಲ್ಲಿ ಎರಡನೆಯ ಸಲ ಪಾಸಾದರು. ಲೆಕ್ಕಶಾಸ್ತ್ರ ಇನ್ನೂ ಬಾಕಿ ಇದೆ. ಸವಕಳಿಯ ಪಾಠಕ್ಕೆ ಬರುವ ಕೂಟದಲ್ಲಿ ಅವರದೇ ಅರ್ಥ. ಹೋಟೆಲಿನ ಹಿಟ್ಟು ರುಬ್ಬುವ ಯಂತ್ರದ ಕ್ರಯಪತ್ರವನ್ನು ತರುತ್ತೇನೆಂದು ಹೇಳಿದ್ದಾರೆ. ‘ಮೌನವಾಗಿರಿ’ ಎಂಬ ಹಲಗೆಯನ್ನು ಒಳಗಿನ ಸಣ್ಣ ಕೋಣೆಯಿಂದ ತೆಗೆದಿದ್ದೇವೆ. ಹೊರಗಿನ ಕೋಣೆಯಲ್ಲಿ ಅದು ಹಾಗೆಯೇ ಇದೆ, ಹಿರಿಯರು ಕ್ಷಮಿಸಬೇಕು. ಯಾವ ವಿಶ್ವವಿದ್ಯಾಲಯದ ಯಾವ ಪದವಿಗೆ ಓದುತ್ತಿದ್ದೀರಿ, ವಾರದಲ್ಲಿ ಯಾವ ಹೊತ್ತು ಬಿಡುವು ಎಂಬುದನ್ನು ಬರೆಯಲು ಒಂದು ವಹಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ.